ಇಗರ್ಜಿಯ ದಫ್ತರ

ಜುಬಿಲಿಗೆ ಚರಿತ್ರೆ ಬರೆದುಕೊಡಿ ಅಂದರು ಫಾದರ್.
ಚರಿತ್ರೆ ಅಂತ ನನ್ನ ಕೈಗೆ ಬಂದದ್ದು ಒಂದು ದಫ್ತರ,
ಬೆನ್ನು ಹರಿದು ಟೇಪು ಹಚ್ಚಿದ್ದು.

ಮೊದಲ ಪುಟದಲ್ಲಿ ನೀಲಿ ಮಸಿಯ ಓರೆ ಅಕ್ಷರ:
ಡೊರೊಥಿ, ಡ್ರಿಲ್ಲರನ ಮಗಳು, ಜ್ಞಾನಸ್ನಾನ.
ಕುಡಿಯುವ ನೀರು ಹಡಗಿನಲ್ಲಿ ಬರುತ್ತಿದ್ದ ಕಾಲ;
ಆ ಮಗುವಿನ ನೆತ್ತಿಗೆ ಸುರಿದದ್ದು
ಬಸ್ರಾದ ಹೊಳೆ.

ಆಗಿನವರು ಅಹ್ಮದಿಯ ಮರಳ ಮೇಲೆ
ತಮ್ಮ ಹಳ್ಳಿಯನ್ನೇ ಬರೆದುಕೊಂಡಿದ್ದರಂತೆ:
ಬೇಲಿಗಿಡ, ಹುಲ್ಲುಹಾಸು, ತಿರುವಿನಲ್ಲೊಂದು ಅಂಚೆಡಬ್ಬಿ.
ಹುಲ್ಲಿಗೆ ನೀರು ಬಿಟ್ಟವನ ಹೆಸರು
ದಫ್ತರದಲ್ಲಿಲ್ಲ.

ಮೂವತ್ತು ಪುಟ ದಾಟಿದರೆ ಅಕ್ಷರ ಗುಂಡಗಾಗುತ್ತದೆ,
ಹೆಸರುಗಳೂ: ಲೋಬೊ, ರೆಬೆಲ್ಲೊ, ಕಲ್ಯಾಣಪುರದ ಕಾರ್ಡೋಜ.
ತಂದೆಯ ಕಸುಬು ಟೈಪಿಸ್ಟ್, ಫಿಟ್ಟರ್, ಬೇಕರಿ.
ನನ್ನ ಮಗನೂ ಇದ್ದಾನೆ, ಕಾಗುಣಿತ ತಪ್ಪಾಗಿ.

ತೊಂಬತ್ತರ ಆಗಸ್ಟಿನಲ್ಲಿ ಸಾಲು ನಿಂತಿದೆ.
ಸಿಪ್ರಿಯನ್ ರೆಬೆಲ್ಲೊ ಇದನ್ನು
ಬೇಕರಿಯ ಮೈದಾ ಪೀಪಾಯಿಯಲ್ಲಿ ಹೂತು
ಏಳು ತಿಂಗಳು ಅದಕ್ಕೆ ಒರಗಿಯೇ ಮಲಗಿದನಂತೆ.
ಈಗಲೂ ಹಾಳೆ ತಿರುವಿದರೆ ಬೆರಳು ಬೆಳ್ಳಗೆ.
ಹುಳುವೂ ಬಿದ್ದಿದೆ:
ಇಬ್ಬರು ಮದುಮಗಳಂದಿರು ಅದರ ಪಾಲು.

ಕೊನೆಯ ಭಾಗ ಮರಣದ್ದು, ತೆಳ್ಳಗೆ.
'ಹೂಳಿದ ಸ್ಥಳ' ಎಂಬ ಖಾನೆಯಲ್ಲಿ
ವಿಮಾನದ ನಂಬರು.
ಅದರ ಕೆಳಗೂ ವಿಮಾನದ ನಂಬರು.
ಸಿಪ್ರಿಯನ್ ಹೋದದ್ದು ಬುಧವಾರದ ಕಾರ್ಗೋದಲ್ಲಿ.

ಎರಡು ಪುಟ ಮೀರಬಾರದಂತೆ ಚರಿತ್ರೆ;
ಮೊದಲು ಪ್ರಾಯೋಜಕರ ಹೆಸರು ಬರಬೇಕಂತೆ.
ನಾನು ಹಿಟ್ಟಿನ ಪುಟದಿಂದ
ಶುರುಮಾಡಿಬಿಟ್ಟಿದ್ದೇನೆ.