ಒಂದೂವರೆ ಮೀಟರು

ಸೊಹಾರಿನ ಶಾಲೆಗೆ ಮಸ್ಕತ್ತಿನಿಂದ ಸುತ್ತೋಲೆ:
ಮಕ್ಕಳ ನಡುವೆ ಒಂದೂವರೆ ಮೀಟರು.
ಅಳತೆ ಟೇಪು ಹಿಡಿದವಳು ಗುಮಾಸ್ತೆ ನಾನು,
ಬಗ್ಗಿ ಬಗ್ಗಿ ಹಳದಿ ಪಾದ ಅಂಟಿಸಿದ್ದು ಅದ್ರಾಮಾಕ.

ಗುರುವಾರ ಇನ್ನೊಂದು: ಎರಡು ಮೀಟರು.
ಕಿತ್ತೆವು, ಮತ್ತೆ ಅಂಟಿಸಿದೆವು.
ಭಾನುವಾರ ಗಂಟೆ ಹೊಡೆಯುವ ಮೊದಲೇ ಮೂರನೆಯದು:
ಮುಂದಿನ ಆದೇಶದವರೆಗೆ ಮಕ್ಕಳೇ ಬೇಡ.

ಬೈಯಲು ಬಾಯಿ ತೆರೆದಿದ್ದೆ.
"ಸರಕಾರಕ್ಕೂ ಇದು ಮೊದಲನೇ ಸಲ ಅಲ್ವಾ ಬಾಯಮ್ಮ"
ಎಂದು ಸೊಂಟ ನೀವಿಕೊಂಡರು.
ಆಮೇಲೆ ಅಷ್ಟೂ ತಿಂಗಳು ಕಾರಿಡಾರಿನಲ್ಲಿ
ಪಾದಗಳ ಮೇಲೆ ಮರಳು ಬಂದು ಕೂತಿತು,
ಅಂತರ ಗಿಂತರ ನೋಡದೆ.

ಈಗ ಎಲ್ಲ ಕೆರೆದು ತೆಗೆದಿದ್ದೇವೆ.
ನೀರಿನ ಕೂಲರಿನ ಮುಂದೆ ಒಂದು ಜೋಡಿ ಮಾತ್ರ ಏಳಲಿಲ್ಲ.
ಅದರ ಮೇಲೆ ನಿಂತ ಒಂದನೇ ಕ್ಲಾಸಿನ ಪೋರಿ ಕೇಳಿದಳು:
"ಟೀಚರ್, ಇವರು ಎಲ್ಲಿ ಹೋದರು?"

ನಾನು ಟೀಚರಲ್ಲ.
ಆದರೂ ಬಗ್ಗಿ ನೋಡಿದೆ.