ಬಾಕಿ ಚಿಲ್ಲರೆ

ಬೆಳಗಿನ ಜಾವ ನಾಲ್ಕೂಕಾಲು. ಡಿಪೋಗೆ ಹೊರಡುವ ಮೊದಲು
ಟಾರ್ಚು ಹಿಡಿದು ನಾಯಿಯ ಹಿಂದೆ ಹೋಗುತ್ತೇನೆ
ಮತ್ತಿಕೆರೆಯ ಅಡ್ಡರಸ್ತೆಯಲ್ಲಿ,
ಅದು ಕಾಲೆತ್ತುವುದನ್ನೇ ಕಾಯುತ್ತ.
ಪೇಪರ್ ಹಾಕುವ ಹುಡುಗ ಸೈಕಲ್ ನಿಲ್ಲಿಸಿದ:
"ಏನ್ ಕಳಕೊಂಡ್ರಿ ಆಂಟಿ?"
ಬಣ್ಣ ನೋಡ್ತಾ ಇದೀನಿ ಕಣಪ್ಪ, ಅಂದೆ.
ಹೋದ ವಾರ ಗಟ್ಟಿ ಡಿಕಾಕ್ಷನ್ನು.
ಇವತ್ತು ಎರಡನೇ ಸಲ ಇಳಿಸಿದ್ದು.

ಆಮೇಲೆ ತುಟಿ ಎತ್ತಿ ವಸಡು ನೋಡಬೇಕು.
ನಮ್ಮ ಬಲ್ಬೇ ಹಳದಿ, ನಂಬುವಂತಿಲ್ಲ.
ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರೆ;
ಕಾಮಾಲೆ ಬಂದದ್ದು ಅದಕ್ಕೆ,
ಹಳದಿ ಕಾಣುತ್ತಿರುವುದು ನನಗೆ:
ಆಟೋ ಟಾಪು, ಯಶವಂತಪುರದ ಸೇವಂತಿಗೆ ಬುಟ್ಟಿ,
ಡಬ್ಬಿಯಲ್ಲಿನ ಚಿತ್ರಾನ್ನ, ಹೊಸಿಲಿನ ಅರಿಸಿನ,
ಎಲ್ಲದರ ಮೇಲೂ ಸಿಟ್ಟು.

ಹೆಸರು ಚಿಲ್ರೆ.
ಆರು ವರ್ಷದ ಕೆಳಗೆ, ಕೊನೇ ಟ್ರಿಪ್ಪಿನ ಲೆಕ್ಕ ಕೊಡುವಾಗ
ಕ್ಯಾಶ್ ಬ್ಯಾಗಿನ ಮೇಲೆ ಮಲಗಿದ್ದ ಮರಿ.
ಎಣಿಸಿದರೆ ಎಂಟು ರೂಪಾಯಿ ಜಾಸ್ತಿ, ಮೇಲೆ ಇದು.
ಎಂಟು ರೂಪಾಯಿ ಕಟ್ಟಿದೆ.
ಇದನ್ನು ಯಾವತ್ತೂ ಕಟ್ಟಲಿಲ್ಲ.

ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ
ಹೊಟ್ಟೆ ಒತ್ತಿ ನೋಡಿ, ರಕ್ತದ ಚೀಟಿ ನೋಡಿ,
ನನ್ನ ಮುಖ ನೋಡದೆ ಕೇಳಿದರು:
"ಜ್ವರ ಬಂದಾಗ ಮನೇಲಿ ಏನಾದ್ರೂ ಕೊಟ್ರಾ?"

ಕೊಟ್ಟಿದ್ದೆ.
ರಾತ್ರಿ ಹನ್ನೊಂದು ಗಂಟೆ, ಮೈ ಹಂಚಿನ ಹಾಗೆ ಕಾದಿತ್ತು.
ಜ್ವರ ಬಂದರೆ ನಾನು ನುಂಗುವ ಅದೇ ಬಿಳಿ ಮಾತ್ರೆ,
ಬಾಳೆಹಣ್ಣಿನಲ್ಲಿ ಹುದುಗಿಸಿ,
ರಾತ್ರಿಗೆ ಎರಡರಂತೆ ಎರಡು ರಾತ್ರಿ.
ಮೂಸದೆ ತಿಂದಿತ್ತು, ಬಾಲ ಆಡಿಸುತ್ತ.
ನಮ್ಮ ಮದ್ದು ಅದರ ಈಲಿಗೆ ವಿಷ ಎಂದು
ನಾನು ಓಡಾಡಿದ ಯಾವ ಬಸ್ಸಿನಲ್ಲೂ ಬರೆದಿರಲಿಲ್ಲ.

ಪಕ್ಕದ ಮನೆ ಜುಬೇದಾಬಿಗೆ ಬೇರೆ ಹೇಳಿದೆ:
ಬೀದೀಲಿ ಏನೋ ತಿಂದುಬಿಟ್ಟಿದೆ, ಅಂತ.
ಆಕೆ ಬೀದಿಗೆ ನಾಲ್ಕು ಶಾಪ ಹಾಕಿ
ಚರ್ಮ ತೆಗೆದ ಕೋಳಿ, ಉಪ್ಪಿಲ್ಲದೆ ಬೇಯಿಸಿ ಕಳಿಸಿದರು;
ಮಧ್ಯಾಹ್ನ ನಾನು ಟ್ರಿಪ್ಪಿನಲ್ಲಿದ್ದರೆ
ಐದು ಎಂಎಲ್ ಸಿರಪ್ಪು ಹಾಕುವುದೂ ಆಕೆಯೇ.
ಎದುರುಮನೆ ನಿಂಗರಾಜಪ್ಪ ರೈಲ್ವೆ ಹಳಿ ಪಕ್ಕದಿಂದ
ಬುಡಸಮೇತ ನೆಲನೆಲ್ಲಿ ಕಿತ್ತು ತಂದರು.
ಡಾಕ್ಟರಮ್ಮನ್ನ ಕೇಳದೆ ಇನ್ನೇನೂ ಕೊಡಲಾರೆ.
ಬೇಜಾರು ಮಾಡಿಕೊಂಡಾರು ಎಂದು ಕುಂಡದಲ್ಲಿ ನೆಟ್ಟೆ.
ಚಿಗುರಿದೆ.

ಗಂಜಿ, ಕುಂಬಳಕಾಯಿ, ಮೊಟ್ಟೆಯ ಬಿಳಿ.
ಒಂದು ಹಿಡಿ, ದಿನಕ್ಕೆ ಐದು ಸಲ.
ಮೊದಲ ವಾರ ಅರ್ಧ ವಾಂತಿ, ಅರ್ಧ ನನ್ನ ಸೀರೆಗೆ.
ಹದಿನಾಲ್ಕು ಕಿಲೋ ಇದ್ದದ್ದು ಹತ್ತೂವರೆ;
ಎತ್ತಿಕೊಂಡರೆ ಪಕ್ಕೆಲುಬು ಒಂದೊಂದೂ ಕೈಗೆ ಲೆಕ್ಕ ಕೊಡುತ್ತಿತ್ತು.
ರಕ್ತದ ಅಂಕಿಗಳನ್ನು ಹಳೇ ವೇಬಿಲ್ಲಿನ ಹಿಂದೆ ಬರೆದಿಟ್ಟಿದ್ದೇನೆ:
ಒಂಬೈನೂರ ನಲವತ್ತು. ಆರುನೂರ ಹತ್ತು. ಇನ್ನೂರ ಎಂಬತ್ತು.
ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ
ಕಲೆಕ್ಷನ್ ಇಳಿದದ್ದಕ್ಕೆ ಖುಷಿಪಟ್ಟದ್ದು ಇದೇ ಮೊದಲು.

"ಲಿವರ್ರು ಉಳಿದಿರೋ ಚೂರಿಂದಾನೇ ಮತ್ತೆ ಬೆಳಕೊಳ್ಳುತ್ತೆ," ಅಂದರು ಡಾಕ್ಟರಮ್ಮ,
"ನೀವು ಅಡ್ಡ ಬರದೇ ಇದ್ರೆ ಸಾಕು."

ಈಗ ಚಿಲ್ಲರೆ ಯಾರಿಗೆ ಬೇಕು. ಗಂಡಸರಿಗೆ ಸ್ಕ್ಯಾನು,
ಹೆಂಗಸರಿಗೆ ಸೊನ್ನೆ ಟಿಕೇಟು.
ಆಗೆಲ್ಲ ನೂರರ ನೋಟು ಕೊಟ್ಟವರಿಗೆ
ಟಿಕೇಟಿನ ಹಿಂದೆ ಬಾಕಿ ಬರೆದು, ಸುತ್ತ ಒಂದು ಗೆರೆ ಎಳೆದು ಕೊಡುತ್ತಿದ್ದೆ.
ಮರೆತು ಇಳಿದುಹೋದವರು ಎಷ್ಟೋ.
ಕೆಲವರನ್ನು ಕೂಗಿ ಕರೆದಿದ್ದೇನೆ.
ಕೆಲವರನ್ನು ಕರೆಯಲಿಲ್ಲ.

ನಿನ್ನೆ ರಾತ್ರಿ ತಟ್ಟೆಯ ಮುಂದೆ ಬಂದು ಕೂತಿತು ಚಿಲ್ರೆ.
ಮುಂಗಾಲಿಂದ ನನ್ನ ಮೊಣಕಾಲು ಕೆರೆಯಿತು.
ತಿಂಗಳಾಗಿತ್ತು ಹೀಗೆ ಕೇಳಿ.
ಬೆಂದ ಕುಂಬಳದ ಹೋಳೊಂದನ್ನು ಅಂಗೈ ಮೇಲಿಟ್ಟು ಹಿಡಿದೆ.

ಮೂಸಿತು.
ತಲೆ ಎತ್ತಿ ನನ್ನ ಮುಖ ನೋಡಿತು.
ಮತ್ತೊಮ್ಮೆ ಮೂಸಿತು.

ಆಮೇಲೆ ತಿಂದಿತು.