ಮುಳ್ಳಿಲ್ಲದ ಗಾಳ

ಹೊಸೂರಿನಿಂದ ಬಾಗಲೂರು ದಾರಿ ಹಿಡಿದು
ಕೋಳಿ ಫಾರಂ ದಾಟಿ ಎಡಕ್ಕೆ ಹೊರಳಿದರೆ
ಸೊಣ್ಣೇಪುರದ ಕೆರೆ.
ಬೋರ್ಡು ತಮಿಳಿನಲ್ಲಿದೆ, ಬೈಗುಳ ಕನ್ನಡದಲ್ಲಿ,
ಮೀನಿನ ರೇಟು ತೆಲುಗಿನಲ್ಲಿ.

ಒಂದೇ ಮೀನಿಗೆ ಮೂರು ಹೆಸರು:
ನಾನು ಕೊರವ ಎಂದರೆ ಅರುಳಪ್ಪ ವಿರಾಲು ಎನ್ನುತ್ತಾನೆ,
ತಕ್ಕಡಿ ಹಿಡಿದ ಮುನೆಕ್ಕನಿಗೆ ಅದು ಕೊರ್ರಮೀನು.
ಮೂರು ಹೆಸರಿಟ್ಟು ಕರೆದರೂ
ಐದು ವರ್ಷ ಅದು ಓಗೊಡಲಿಲ್ಲ.

ಎಸೆದ ಗಾಳಕ್ಕೆಲ್ಲ ಜಿಲೇಬಿ ಮೀನು.
ಅಂಗೈಯಗಲ, ಮುಳ್ಳೇ ಮುಳ್ಳು,
ಬೆಕ್ಕೂ ಮೂಸಿ ಮುಂದೆ ಹೋಗುವಂಥದ್ದು.
ಕಾರ್ಖಾನೆಯ ಪಾಳಿಗಳನ್ನೆಲ್ಲ ಮುಗಿಸಿ ಬಂದ
ನಾವು ಆರು ಜನ ದಡದಲ್ಲಿ ಕೂತು
ಯಾರ ತಪ್ಪು ಎಂದು ಹುಡುಕಿದೆವು:
ಬಣ್ಣದ ಫ್ಯಾಕ್ಟರಿಯದು, ಟೆಂಡರು ಹಿಡಿದವನದು,
ಮದ್ದು ಸಿಡಿಸಿದ ಹುಡುಗರದು.
ಫ್ಲಾಸ್ಕಿನ ಟೀ ಮುಗಿಯುವ ತನಕ ಹುಡುಕಿದೆವು.

ನನ್ನದು ನಾನು ಹೇಳಲಿಲ್ಲ.

ಎಂಟು ವರ್ಷದ ಹಿಂದೆ, ಆಷಾಢದ ಒಂದು ಬೆಳಗ್ಗೆ
ಜೊಂಡಿನ ಸಂದಿಯಲ್ಲಿ ನೀರು ಕೆಂಪಗೆ ಕುದಿಯುತ್ತಿತ್ತು.
ಕುಂಕುಮ ಚೆಲ್ಲಿದಂತೆ ಕೊರವನ ಮರಿಗಳು,
ಸಾವಿರವೋ ಎರಡು ಸಾವಿರವೋ,
ಉಸಿರಿಗೆಂದು ಮೇಲೆದ್ದು ಒಟ್ಟಿಗೇ ಮುಳುಗುತ್ತ.
ಮರಿಗಳ ಕೆಳಗೆ ತಾಯಿಯೋ ತಂದೆಯೋ ಕಾವಲಿರುತ್ತದೆ.
ಗಾಳ ಹಿಡಿದವರೆಲ್ಲರಿಗೂ ಗೊತ್ತಿರುವ ವಿದ್ಯೆ ಅದು.
ರಬ್ಬರು ಕಪ್ಪೆಯನ್ನು ಸರಿಯಾಗಿ ನಡುವೆ ಬೀಳಿಸಿದೆ.
ಹಸಿವಿಗಲ್ಲ, ಸಿಟ್ಟಿಗೆ ಬಾಯಿ ಹಾಕಿತು.
ಮೂರೂವರೆ ಕೇಜಿ. ಫೋಟೋ ಇದೆ. ನಗುತ್ತಿದ್ದೇನೆ.
ಹಿಂದಿನ ನೀರನ್ನು ದೊಡ್ಡದು ಮಾಡಿ ನೋಡಿದರೆ
ಜಿಲೇಬಿಗಳು ಬಂದು ಸೇರುತ್ತಿರುವುದು ಕಾಣುತ್ತದೆ.

ಪಂಚಾಯಿತಿಗೆ ಅರ್ಜಿ ಬರೆದದ್ದು ತಿಮ್ಮರಾಯಪ್ಪ.
ಜಿಲೇಬಿಯನ್ನು ಬಲೆ ಹಾಕಿ ತೆಗೆಯುವುದು,
ಜೊಂಡು ಕೀಳದಿರುವುದು,
ಎರಡು ಮಳೆಗಾಲ ಒಬ್ಬರೂ ಗಾಳ ಹಾಕದಿರುವುದು.
ಮುನೆಕ್ಕ ನಕ್ಕಳು: "ಆಮ್ಯಾಕೆ ಹಿಡಿದು ಹಿಡಿದು ಬಿಡ್ತಾರಂತೆ!
ಹೊಟ್ಟೆಗಲ್ಲದ ಮ್ಯಾಲೆ ಅದರ ಬಾಯಿ ಯಾಕ್ರಪ್ಪ ಹರೀತೀರಾ?"
ಆರು ಜನರಲ್ಲಿ ಒಬ್ಬರ ಬಳಿಯೂ ಉತ್ತರವಿರಲಿಲ್ಲ.
ತೆಗೆದ ಜಿಲೇಬಿಯನ್ನೆಲ್ಲ ಅವಳಿಗೇ ಕೊಟ್ಟೆವು.
ಒಣಗಿಸಿ ಮಾರಿದಳು. ಹೊಸ ತಕ್ಕಡಿ ಬಂತು.

ಮನೆಯಲ್ಲಿ ಕೂರಲಾಗದೆ ಭಾನುವಾರ ಹೋಗುತ್ತಿದ್ದೆವು.
ಮುಳ್ಳು ಬಿಚ್ಚಿಟ್ಟು, ಬರೀ ದಾರಕ್ಕೆ ಬೆಂಡು ಕಟ್ಟಿ
ನೀರಿಗೆ ಬಿಟ್ಟು ನೋಡುತ್ತ ಕೂರುವುದು.
ಅಮೀರ್‌ಜಾನ್ ಒಮ್ಮೊಮ್ಮೆ ರೂಢಿಯಿಂದ ಝಾಡಿಸಿ ಎಳೆಯುವನು.
ಬರಿಯ ದಾರ ಮುಖಕ್ಕೆ ಬಡಿದು ಅಷ್ಟು ನಕ್ಕದ್ದು
ಮೀನು ಸಿಕ್ಕ ದಿನವೂ ಇಲ್ಲ.
ಎರಡನೆಯ ಚಳಿಗಾಲಕ್ಕೆ ಅವನು ಹೋದ.
ಅವನ ಬೆಂಡು, ನವಿಲುಗರಿಯ ದಂಟಿನದು,
ನನ್ನ ಡಬ್ಬಿಯಲ್ಲಿದೆ.

ಈ ಕಾರ್ತಿಕಕ್ಕೆ ಗಡುವು ಮುಗಿಯಿತು.
ಲೆಕ್ಕದ ಪ್ರಕಾರ ಮರಿಗಳ ಕಾಲವೂ ಮುಗಿದಿತ್ತು.
ಕೊರವ ನಮ್ಮ ಕ್ಯಾಲೆಂಡರು ನೋಡುವುದಿಲ್ಲ.
ಮುಳ್ಳು ಕಟ್ಟಿ, ಅಮೀರನ ಬೆಂಡು ಸಿಕ್ಕಿಸಿ
ಜೊಂಡಿನ ಅಂಚಿಗೆ ಎಸೆಯಲು ಕೈ ಎತ್ತಿದೆ.
ನೀರು ಕೆಂಪಗೆ ಕುದಿಯಿತು.

ಎತ್ತಿದ ಕೈ ಎತ್ತಿದಂತೆಯೇ.
ಕೆಳಗೆ ಕಪ್ಪನೆಯದೊಂದು ನಿಧಾನಕ್ಕೆ ಹೊರಳಿತು.

"ಎಷ್ಟು ಸಿಕ್ತು ಸಾರ್?"
ಏರಿಯ ಮೇಲಿಂದ ಮುನೆಕ್ಕನ ಕೂಗು.
"ಇರು, ಎಣಿಸ್ತಾ ಇದೀನಿ" ಎಂದೆ.